ಬರ್ಲಾ ಎಂಬ ಮಾತು

ನಡಿಗೆಯಿಂದ ಮನಸ್ಸು ಹಗುರಾಗುತ್ತದೆ ಎಂದು ಉಪದೇಶಿಸುವವರನ್ನು ಕಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಅವರು ನಡೆದ ದಾರಿಯನ್ನು ಯಾರೂ ಅವರಿಂದ ಕಿತ್ತುಕೊಂಡಿಲ್ಲ ಎಂಬುದಷ್ಟೇ ಆ ಉಪದೇಶದ ಒಳಗಿನ ಸತ್ಯ. ನಮ್ಮ ಮನೆಯಲ್ಲಿ ನಡಿಗೆಯೆಂದರೆ ಭಾನುವಾರದ ಜಗಳವಾಗಿತ್ತು. ಬೆಳಗಿನ ಉಪ್ಪಿಟ್ಟಿನ ಒಗ್ಗರಣೆಯೊಂದಿಗೆ ಆರಂಭವಾಗಿ, ಕೆರೆಯ ಏರಿಯ ಮೇಲೆ ಮುಂದುವರಿದು, ಮಧ್ಯಾಹ್ನ ಮುದ್ದೆಯ ಮುಂದೆ ಮೌನದಲ್ಲಿ ಕೊನೆಗೊಳ್ಳುತ್ತಿದ್ದ ಜಗಳ. ಕಾಲೇಜಿನ ಚರ್ಚಾಕೂಟದ ವೇದಿಕೆಯಲ್ಲಿ ನಾನು ಕಲಿತದ್ದು ವಾದದ ಶಿಸ್ತನ್ನು ಮಾತ್ರ. ವಾದ ಮಾಡಬೇಕೆಂಬ ಹಟವನ್ನು ಅದಕ್ಕೂ ಬಹಳ ಮೊದಲೇ ಹೇರೋಹಳ್ಳಿಯ ಒಂದು ರಾಗಿ ಹೊಲದ ಅಂಚಿನಲ್ಲಿ, ಒಂದೇ ಒಂದು ಪದ ನನ್ನ ಕುಟುಂಬದ ಕೈತಪ್ಪಿ ಹೋದ ಬೆಳಗ್ಗೆ, ಕಲಿತಿದ್ದೆ.

ನಮ್ಮ ಮನೆ ಇದ್ದದ್ದು ಹೇರೋಹಳ್ಳಿಯ ಕೊನೆಯಲ್ಲಿ, ಹೊಲವೊಂದನ್ನು ಸೈಟುಗಳಾಗಿ ಕತ್ತರಿಸಿದ ಬಡಾವಣೆಯ ಕಡೆಯ ಅಡ್ಡರಸ್ತೆಯಲ್ಲಿ. ರಸ್ತೆ ಎಂಬುದು ಮಾತಿಗೆ ಮಾತ್ರ. ಮಳೆ ಬಂದ ಮರುದಿನ ನೀರಿನ ಟ್ಯಾಂಕರು ಅಲ್ಲಿ ಹೂತುಕೊಂಡರೆ ಅದನ್ನು ಎಬ್ಬಿಸುವುದೇ ಬೀದಿಯವರ ಅರ್ಧ ದಿನದ ಕೆಲಸ. ಮನೆಗೆ ಎರಡು ಕೋಣೆ, ಒಂದು ಅಡುಗೆಮನೆ, ಮತ್ತು ಮಾಳಿಗೆಗೆ ತಲುಪದೆ ಆರನೆಯ ಹಂತದಲ್ಲಿಯೇ ನಿಂತುಬಿಟ್ಟ ಒಂದು ಮೆಟ್ಟಿಲು. ಅಡುಗೆಮನೆಯ ಶೆಲ್ಫಿನ ಹಲಗೆಗಳ ಮೇಲೆ ಹಾಸಿದ್ದು ಇಂಗ್ಲಿಷ್ ಪುಸ್ತಕಗಳ ಪ್ರೂಫ್ ಹಾಳೆಗಳು. ಉಪ್ಪಿನ ಡಬ್ಬಿ ಎತ್ತಿದರೆ ಅದರಡಿ ಯಾವುದೋ ದೊರೆಯ ವಂಶಾವಳಿ. ಸಾಸಿವೆಯ ಡಬ್ಬಿಯ ಕೆಳಗೆ ಮೂತ್ರಪಿಂಡದ ಶಸ್ತ್ರಚಿಕಿತ್ಸೆ. ಅಪ್ಪ ಕಾಮಾಕ್ಷಿಪಾಳ್ಯದ ಒಂದು ಅಕ್ಷರಜೋಡಣೆಯ ಘಟಕದಲ್ಲಿ ಪ್ರೂಫ್ ರೀಡರ್ ಆಗಿದ್ದ. ಇಂಗ್ಲೆಂಡಿನ ಪ್ರಕಾಶಕರ ಪುಟಗಳನ್ನು ಅಲ್ಲಿ ಕಂಪ್ಯೂಟರಿನಲ್ಲಿ ಜೋಡಿಸಿ ಕಳುಹಿಸುತ್ತಿದ್ದರು. ಆ ಘಟಕದಲ್ಲಿ ಹೊಸಬರಿಗೆ ಮೊದಲ ದಿನವೇ ಹೇಳಿಕೊಡುತ್ತಿದ್ದ ನಿಯಮ ಒಂದೇ: ಅರ್ಥದ ಹಿಂದೆ ಹೋಗಬೇಡಿ, ಅರ್ಥ ಓದಲು ಶುರು ಮಾಡಿದರೆ ಅಕ್ಷರದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಅಪ್ಪ ಈ ನಿಯಮವನ್ನು ಹೆಮ್ಮೆಯಿಂದ ಪಾಲಿಸುತ್ತಿದ್ದ. ಅದನ್ನು ಅವನು ಮುರಿದದ್ದು ನನಗೆ ತಿಳಿದಂತೆ ಒಂದೇ ಒಂದು ಪುಸ್ತಕಕ್ಕಾಗಿ.

ಅದು ಇಂಗ್ಲೆಂಡಿನ ಯಾವುದೋ ಹಳ್ಳಿಯ ಸುತ್ತ ಮಕ್ಕಳುಮರಿಗಳೊಂದಿಗೆ ನಡೆಯಬಹುದಾದ ದಾರಿಗಳನ್ನು ವಿವರಿಸುವ ತೆಳ್ಳಗಿನ ಕೈಪಿಡಿ. ಹಳೆಯ ಇಗರ್ಜಿಯ ಹಿಂದಿನಿಂದ ಹೊರಡಿ, ಗೋಧಿ ಹೊಲದ ನಡುವೆ ಹಾಯಿರಿ, ತೊರೆಯ ಬಳಿ ಎಡಕ್ಕೆ ತಿರುಗಿ, ಚಿಕ್ಕ ಮಕ್ಕಳಿಗೂ ಸುಲಭ, ಕೊನೆಯಲ್ಲಿ ಚಹಾ ದೊರೆಯುತ್ತದೆ — ಇಂಥ ಮಾತುಗಳು. ಅಪ್ಪ ಅದರ ಎರಡನೆಯ ಪ್ರೂಫನ್ನು ಮನೆಗೆ ತಂದು, ಅಮ್ಮ ಕಾಳು ಬಿಡಿಸುತ್ತಿದ್ದ ಮೊರದ ಪಕ್ಕದಲ್ಲಿ ಹರಡಿಕೊಂಡು ಕುಳಿತ.

“ನೋಡೇ ಇಲ್ಲಿ. ದಾರಿ ರೈತನ ಹೊಲದ ನಡುಮಧ್ಯ ಹೋಗುತ್ತೆ. ಅವ್ನು ಬೇಲಿ ಹಾಕ್ಕೊಬಹುದು, ಆದ್ರೆ ಜನ ದಾಟೋಕೆ ಮೆಟ್ಲು ಮಾಡಿ ಕೊಡ್ಬೇಕು. ಉತ್ತಿದ್ರೂ ಮತ್ತೆ ದಾರಿ ಬಿಟ್ಟುಕೊಡ್ಬೇಕು. ಯಾರನ್ನೂ ಕೇಳೋ ಹಂಗಿಲ್ಲ. ಹಕ್ಕು ಕಣೇ, ಹಕ್ಕು.”

“ಅವ್ರಿಗೆ ಹೊಲ ಜಾಸ್ತಿ ಇರ್ಬೇಕು, ಬಿಡಿ.”

“ಜಾಸ್ತಿ ಕಮ್ಮಿ ಅಲ್ಲ ಪ್ರಶ್ನೆ. ‘ನಾಯಿಗಳನ್ನು ಹಗ್ಗದಲ್ಲಿ ಹಿಡಿದುಕೊಂಡು ಬನ್ನಿ’ ಅಂತ ಕೂಡ ಬರ್ದಿದಾರೆ, ಎಷ್ಟು ಶಿಸ್ತು ನೋಡು.”

“ಇಲ್ಲಿ ನಾಯಿಗಳೇ ನಮ್ಮನ್ನ ಹಿಡೀತಾವೆ. ಅದಕ್ಕೂ ಒಂದು ಪುಸ್ತಕ ಬರೀರಿ.”

ಅಪ್ಪ ನಿಜವಾಗಿಯೂ ಬರೆದ. ಹಳ್ಳಿಯ ನಕಾಶೆಯ ಒಂದು ನಕಲನ್ನು ಹೇಗೋ ಸಂಪಾದಿಸಿ, ಅದರಲ್ಲಿ ಕಾಲುದಾರಿಗಳನ್ನು ತೋರಿಸುವ ಚುಕ್ಕೆಗೆರೆಗಳನ್ನೆಲ್ಲ ಕೆಂಪು ಪೆನ್ನಿನಿಂದ ತಿದ್ದಿ, ಪ್ರೂಫ್ ಹಾಳೆಗಳ ಬೆನ್ನಿಗೆ ತನ್ನದೇ ಕೈಪಿಡಿಯನ್ನು ರಚಿಸಿದ. ನಡಿಗೆ ಒಂದು: ಮನೆಯಿಂದ ಹಳೆ ಊರಿನ ಅರಳಿಕಟ್ಟೆ, ಮಕ್ಕಳಿಗೆ ಸುಲಭ. ನಡಿಗೆ ಎರಡು: ಅನ್ನಪೂರ್ಣೇಶ್ವರಿ ನಗರದ ಕಡೆಯ ದಿಬ್ಬ, ಬಿಸಿಲಿಗೆ ಟೋಪಿ ಅಗತ್ಯ. ನಡಿಗೆ ಮೂರು: ಕೆರೆ ಏರಿಯಿಂದ ರಾಗಿ ಹೊಲ ಹಾಯ್ದು ಮಾಗಡಿ ರಸ್ತೆಯ ಬಸ್ ನಿಲ್ದಾಣ, ಕೊನೆಯಲ್ಲಿ ಚಹಾ ದೊರೆಯುತ್ತದೆ. ಪ್ರತಿ ಭಾನುವಾರ ನಾವು ಮೂವರೂ ಇವುಗಳಲ್ಲಿ ಒಂದನ್ನು ನಡೆಯಬೇಕು ಎಂಬುದು ಅವನ ಆಜ್ಞೆ. ಜನ ಓಡಾಡಿದರೆ ಅದು ದಾರಿ, ಓಡಾಡದಿದ್ದರೆ ಸೈಟು ಎಂಬುದು ಅವನ ಸಿದ್ಧಾಂತ. ಸಿದ್ಧಾಂತ ಸರಿಯಾಗಿಯೇ ಇತ್ತು. ಅದನ್ನು ನಡೆಸಬೇಕಾದ ಕಾಲುಗಳು ಯಾರವೆಂದು ಮಾತ್ರ ಅವನು ಯೋಚಿಸಲಿಲ್ಲ.

ಏಕೆಂದರೆ ಮೂರನೆಯ ನಡಿಗೆಯನ್ನು ಅಮ್ಮ ವಾರದ ಉಳಿದ ಆರು ದಿನವೂ ನಡೆಯುತ್ತಿದ್ದಳು. ಅವಳು ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ ಘಟಕದಲ್ಲಿ ಚೆಕ್ಕಿಂಗ್ ಕೆಲಸದಲ್ಲಿದ್ದಳು; ಹೊಲಿದು ಬಂದ ಅಂಗಿಗಳ ಹೊಲಿಗೆ ಜಾರಿದೆಯೇ ಎಂದು ದಿನವಿಡೀ ನಿಂತು ನೋಡುವ ಕೆಲಸ. ಒಂಬತ್ತು ಗಂಟೆಗೆ ಗೇಟು ಮುಚ್ಚುತ್ತಿತ್ತು. ಹೊಲದ ದಾರಿಯಲ್ಲಿ ಬಸ್ ನಿಲ್ದಾಣಕ್ಕೆ ಹತ್ತು ನಿಮಿಷ. ಬಡಾವಣೆಯ ಕೆಸರು ರಸ್ತೆಯನ್ನು ಬಳಸಿ, ಲಾರಿಗಳ ಪಕ್ಕದಲ್ಲಿ ಮಾಗಡಿ ರಸ್ತೆಯ ಅಂಚಿನಲ್ಲಿ ನಡೆದರೆ ಮುಕ್ಕಾಲು ಗಂಟೆ. ನಮ್ಮ ಬೀದಿಯ ಹತ್ತು ಹನ್ನೆರಡು ಹೆಂಗಸರು ಆ ಹತ್ತು ನಿಮಿಷದ ಮೇಲೆಯೇ ತಮ್ಮ ಬೆಳಗನ್ನು ಕಟ್ಟಿಕೊಂಡಿದ್ದರು: ಅನ್ನ ಇಳಿಸುವುದು, ಮಕ್ಕಳ ಜಡೆ ಹಾಕುವುದು, ನೀರು ತುಂಬುವುದು ಎಲ್ಲವೂ ಆ ಲೆಕ್ಕದಲ್ಲೇ ನಡೆಯುತ್ತಿತ್ತು. ಹೀಗಿರುವಾಗ ಏಳನೆಯ ದಿನವೂ ಅದೇ ದಾರಿಯಲ್ಲಿ, ಸ್ಟೀಲ್ ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು, ಮಗಳಿಗೆ ಟೋಪಿ ಹಾಕಿಸಿಕೊಂಡು, ಗಂಡನ ಹಿಂದೆ ಹವಾ ಸೇವನೆಗೆ ಹೊರಡುವುದೆಂದರೆ ಅವಳಿಗೆ ಹೇಗಾಗಿರಬೇಕು?

“ಆರು ದಿನ ಆ ದಾರಿ ಸವೆಸ್ತೀನಿ. ಏಳನೇ ದಿನ ಅದನ್ನ ನೋಡೋಕೆ ಹೋಗ್ಬೇಕಾ? ಚಪ್ಲಿಗೂ ಒಂದು ದಿನ ರಜಾ ಬೇಡ್ವಾ?”

“ನೀನು ಹೋಗೋದು ಕೆಲಸಕ್ಕೆ. ನಾವು ಹೋಗೋದು ಹಕ್ಕಿಗೆ.”

“ಹೌದ್ರೀ, ನಂದು ಬರೀ ಕಾಲು, ನಿಮ್ದು ಹಕ್ಕು.”

ನನಗೂ ಆ ನಡಿಗೆಗಳೆಂದರೆ ಅಸಹ್ಯವೇ. ಬೀದಿಯ ಹುಡುಗಿಯರು ಕುಂಟೆಬಿಲ್ಲೆ ಆಡುವ ಹೊತ್ತಿನಲ್ಲಿ ನಾನು ಟೋಪಿ ಧರಿಸಿ, ಸತ್ತ ಎಮ್ಮೆಯ ವಾಸನೆಯ ನಡುವೆ ‘ಪ್ರಕೃತಿ’ಯನ್ನು ಗಮನಿಸಬೇಕಿತ್ತು. ಆದರೆ ಆ ಮೂರನೆಯ ದಾರಿಯ ಕೊನೆಯಲ್ಲಿ ಹಿರಿಯರೊಬ್ಬರಿದ್ದರು. ಅವರನ್ನು ಕಂಡರೆ ನನಗೆ ಇಷ್ಟ. ಈ ಮಾತನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಚಿಕ್ಕಣ್ಣನವರು ಆ ರಾಗಿ ಹೊಲದ ಒಡೆಯರು. ಹೊಲ ದಾಟಿದೊಡನೆ ಸಿಗುವ ಅವರ ಮನೆಯ ಜಗಲಿಯ ಮೇಲೆ, ಗೋಡೆಗೆ ಬೆನ್ನು ಕೊಟ್ಟು, ಅಡಿಕೆ ಕತ್ತರಿಸುತ್ತಾ ಕುಳಿತಿರುತ್ತಿದ್ದರು. ಬೇಸಿಗೆ ರಜೆಯಲ್ಲಿ ಅಮ್ಮನನ್ನು ಬಸ್ಸಿಗೆ ಬಿಟ್ಟು ಒಬ್ಬಳೇ ಹಿಂತಿರುಗುವಾಗ ನಾನು ಅವರ ಜಗಲಿಯ ಕಂಬ ಹಿಡಿದು ಎರಡು ಮಾತಾಡುತ್ತಿದ್ದೆ. ತಿಂಡಿ ಆಯ್ತಾ, ಏನು ತಿಂಡಿ, ನಿಮ್ಮಪ್ಪ ಈ ವಾರ ಯಾವ ಕಾಡಿಗೆ ಕರ್ಕೊಂಡೋಗ್ತಾನಂತೆ ಎಂದು ಅವರು ಕೇಳುವುದು, ನಾನು ನಗುವುದು. ಹೊರಡುವಾಗ ಒಂದು ಮಾತು ತಪ್ಪದೆ ಹೇಳುತ್ತಿದ್ದೆ.

“ಬರ್ಲಾ ತಾತ?”

“ಹೂಂ, ಬಾರವ್ವ.”

ಆ ಮಾತನ್ನು ನನಗೆ ಕಲಿಸಿದ್ದು ಅಮ್ಮ. ನಮ್ಮಲ್ಲಿ ಯಾರ ಮುಂದಿನಿಂದಲೂ ‘ಹೋಗ್ತೀನಿ’ ಎಂದು ಎದ್ದು ಹೋಗುವಂತಿಲ್ಲ. ಹೋಗುವುದೆಂದರೆ ಮರಳಿ ಬಾರದ ಹೋಗುವಿಕೆ, ಅದು ಅಶುಭ. ಆದ್ದರಿಂದ ಹೊರಡುವವರು ‘ಬರ್ತೀನಿ’ ಎನ್ನುತ್ತಾರೆ. ಅದರಲ್ಲಿಯೂ ಅಮ್ಮನದು ಒಂದು ಸೂಕ್ಷ್ಮವಿತ್ತು. ದೊಡ್ಡವರು ‘ಬರ್ತೀನಿ’ ಎನ್ನಬಹುದು. ಮಕ್ಕಳು ಹಿರಿಯರ ಮುಂದೆ ಹಾಗೆ ಅಂದರೆ ಅದು ದರ್ಪವಾಗುತ್ತದೆ, ಮಕ್ಕಳು ‘ಬರ್ಲಾ’ ಎಂದೇ ಹೇಳಬೇಕು. ರೂಪದಲ್ಲಿ ಅದು ಪ್ರಶ್ನೆ, ಆದರೆ ಅದಕ್ಕೆ ‘ಬೇಡ’ ಎಂದು ಉತ್ತರ ಕೊಟ್ಟ ಮನುಷ್ಯ ಈ ಸೀಮೆಯಲ್ಲಿ ಹುಟ್ಟಿಲ್ಲ. ಇದನ್ನು ವಿವರಿಸಬೇಕಾಗಿ ಬಂದದ್ದೇ ಅವಮಾನ. ಕನ್ನಡ ಬಲ್ಲವರಿಗೆ ವಿವರಿಸಬೇಕಾಗಿ ಬಂದದ್ದು ಇನ್ನೂ ದೊಡ್ಡ ಅವಮಾನ.

ಒಂದು ಭಾನುವಾರ ನಾವು ಮೂವರೂ ಕೆರೆ ಏರಿಯಿಂದ ಇಳಿದಾಗ ಹೊಲದ ಬಾಯಿಗೆ ಜಾಲಿ ಮುಳ್ಳು ಹಾಕಿತ್ತು. ಮುಳ್ಳಿನ ಆಚೆ ಚಿಕ್ಕಣ್ಣನವರು ನಿಂತಿದ್ದರು. ಹೊಲವನ್ನು ಅಪಾರ್ಟ್‌ಮೆಂಟ್ ಕಟ್ಟುವವರಿಗೆ ಮಾರಲು ಮಾತಾಡಿಯಾಗಿದೆಯಂತೆ. ಸುತ್ತ ಗೋಡೆ ಎಬ್ಬಿಸಿ ಕೊಡಬೇಕಂತೆ. ಅಪ್ಪ ತನ್ನ ಕೈಪಿಡಿಯನ್ನು ಚೀಲದಿಂದ ತೆಗೆದ.

“ಯಜಮಾನ್ರೇ, ಇದು ದಾರಿ.”

“ದಾರಿ ಏರಿ ತನಕ ಐತೆ ಕಣಪ್ಪ ನಕಾಶೆಲಿ. ಅಲ್ಲಿಂದ ಈಚೆ ನಮ್ಮಪ್ಪನ್ದು. ನಿಂದೇ ಕಾಗದ ನೋಡ್ಕೊ.”

ಅದು ನಿಜವಾಗಿತ್ತು. ನಕಾಶೆಯ ಚುಕ್ಕೆಗೆರೆ ಕೆರೆ ಏರಿಯಲ್ಲಿ ನಿಂತುಬಿಟ್ಟಿತ್ತು. ಅಲ್ಲಿಂದ ಬಸ್ ನಿಲ್ದಾಣದವರೆಗಿನ ದಾರಿಯನ್ನು ಬರೆದದ್ದು ಕಾಲುಗಳೇ ಹೊರತು ಸರ್ಕಾರವಲ್ಲ. ಆದರೆ ಅಷ್ಟಕ್ಕೇ ದಾರಿ ಸಾಯುವುದಿಲ್ಲ. ಜನ ಬಹುಕಾಲ, ಬಹಿರಂಗವಾಗಿ, ಯಾರ ಅಪ್ಪಣೆಯನ್ನೂ ಪಡೆಯದೆ ತಮ್ಮ ಹಕ್ಕೆಂಬಂತೆ ಓಡಾಡಿದ್ದರೆ ಅದು ವಾಡಿಕೆಯ ದಾರಿ, ಅದನ್ನು ಮುಚ್ಚುವಂತಿಲ್ಲ ಎಂದು ಅಪ್ಪನಿಗೆ ಬಲ್ಲವರೊಬ್ಬರು ಹೇಳಿದರು. ಅಪ್ಪಣೆ ಕೇಳಿ ಓಡಾಡಿದ್ದರೆ ಮಾತ್ರ ಅದು ಒಡೆಯನ ಔದಾರ್ಯ. ಕೊಟ್ಟವನು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು. ಇಡೀ ವ್ಯಾಜ್ಯ ಈ ಒಂದು ಕೂದಲೆಳೆಯ ಮೇಲೆ ನಿಂತಿತ್ತು. ಅಪ್ಪ ತಾಲ್ಲೂಕು ಕಚೇರಿಗೆ ಅರ್ಜಿ ಬರೆದ. ಬೀದಿಯವರೆಲ್ಲ ಸಹಿ ಹಾಕಿದರು. ಅಮ್ಮ ಮೊದಲ ಸಲ ಅಪ್ಪನ ಕಾಗದವೊಂದನ್ನು ಪೂರ್ತಿ ಓದಿದಳು. ಓದಿ, ಅವನ ತಟ್ಟೆಗೆ ಕೇಳದೆಯೇ ಇನ್ನೊಂದು ಮುದ್ದೆ ಹಾಕಿದಳು. ಆ ಕೆಲವು ವಾರ ನಮ್ಮ ಮನೆಯಲ್ಲಿ ಒಂದು ಬಗೆಯ ಶಾಂತಿಯಿತ್ತು. ಮುಳ್ಳನ್ನು ಪ್ರತಿ ಬೆಳಗ್ಗೆ ಹೆಂಗಸರು ಕೋಲಿನಿಂದ ಪಕ್ಕಕ್ಕೆ ಸರಿಸಿ ಹೋಗುತ್ತಿದ್ದರು. ಸಂಜೆಯೊಳಗೆ ಅದು ಮತ್ತೆ ಸ್ವಸ್ಥಾನಕ್ಕೆ ಬರುತ್ತಿತ್ತು. ಚಿಕ್ಕಣ್ಣನವರು ಜಗಲಿಯ ಮೇಲೆ ಅಡಿಕೆ ಕತ್ತರಿಸುತ್ತಲೇ ಇದ್ದರು. ನಾನು ‘ಬರ್ಲಾ ತಾತ’ ಎನ್ನುತ್ತಲೇ ಇದ್ದೆ. ಜಗಳ ದೊಡ್ಡವರದು, ಮರ್ಯಾದೆ ಬಿಡಬಾರದು ಎಂದು ಅಮ್ಮ ಹೇಳಿದ್ದಳು.

ಸ್ಥಳ ಪರಿಶೀಲನೆಗೆ ಅಧಿಕಾರಿಯೊಬ್ಬರು ಗುಮಾಸ್ತನೊಂದಿಗೆ ಬಂದದ್ದು ಒಂದು ಮಂಗಳವಾರ ಬೆಳಗ್ಗೆ. ಅಂದು ಬೀದಿಯ ಹೆಂಗಸರು ಅರ್ಧ ದಿನದ ಕೂಲಿ ಬಿಟ್ಟು ಹೊಲದ ಅಂಚಿನಲ್ಲಿ ನಿಂತಿದ್ದರು. ಹೊಂಗೆ ಮರದ ಕೆಳಗೆ ಚಿಕ್ಕಣ್ಣನವರ ಮನೆಯ ಪ್ಲಾಸ್ಟಿಕ್ ಕುರ್ಚಿ, ಅವರ ಮನೆಯ ಎಳನೀರು. ಗುಮಾಸ್ತ ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಮಹಜರು, ಅಂದರೆ ಸ್ಥಳದಲ್ಲಿ ಕಂಡದ್ದು ಕೇಳಿದ್ದರ ದಾಖಲೆ, ಬರೆಯುತ್ತಿದ್ದ. ಮೊದಲು ಮಾತಾಡಿದವಳು ಶಾಂತವ್ವ. ಗದಗಿನ ಕಡೆಯಿಂದ ಬಂದು ನಮ್ಮ ಎದುರು ಮನೆಯಲ್ಲಿ ಬಾಡಿಗೆಗಿದ್ದು, ಅಮ್ಮನೊಂದಿಗೆ ಅದೇ ಘಟಕದಲ್ಲಿ ಹೊಲಿಯುತ್ತಿದ್ದವಳು.

“ಸಾಹೇಬ್ರ, ಒಂಬತ್ತಕ್ಕ ಗೇಟ್ ಹಾಕ್ತಾರ್ರಿ. ಈ ದಾರಿ ಮುಚ್ಚಿದ್ರ ನಾವೇನು ಹಾರ್ಕೋತ ಹೋಗೂಣೇನ್ರಿ?”

“ನೀವು ಬಂದು ಎಷ್ಟು ವರ್ಷ ಆಯ್ತಮ್ಮ?”

“ಎರಡು ವರ್ಷ ಆತ್ರಿ.”

“ಹಂಗಾದ್ರೆ ನಿಮ್ ಹೇಳಿಕೆ ಬೇಡ. ಹಳಬ್ರು ಯಾರು?”

“ಹಳಬ್ರ ಕಾಲಿಗಷ್ಟ ದಾರಿ ಬೇಕೇನ್ರಿ? ನಮ್ಮವು ಕಾಲಲ್ಲೇನು?” ಎಂದಳು ಶಾಂತವ್ವ. ಹೆಂಗಸರು ನಕ್ಕರು. ಗುಮಾಸ್ತ ಬರೆದುಕೊಳ್ಳಲಿಲ್ಲ.

ಆಗ ಚಿಕ್ಕಣ್ಣನವರು ಹೆಗಲ ಟವೆಲನ್ನು ಸರಿಪಡಿಸಿಕೊಂಡು, ಒಂದಿಷ್ಟೂ ದನಿ ಎತ್ತದೆ ಹೇಳಿದರು:

“ನಾನು ಯಾರಿಗೂ ಬೇಡ ಅಂದೋನಲ್ಲ ಸಾರ್. ಪಾಪ, ಹೆಣ್ಮಕ್ಳು. ಎಲ್ಲಾ ನನ್ನ ಕೇಳ್ಕೊಂಡೇ ಓಡಾಡ್ತಿದ್ರು, ನಾನೂ ಹೂಂ ಅಂತಿದ್ದೆ. ಸುಳ್ಳಾದ್ರೆ ಆ ಮಗೂನೇ ಕೇಳಿ, ದಿನಾ ‘ಬರ್ಲಾ ತಾತ’ ಅಂತ ನನ್ನ ಕೇಳ್ತಾಳೆ. ಮಕ್ಳು ಸುಳ್ಳು ಹೇಳಲ್ಲ.”

ಅಧಿಕಾರಿ ನನ್ನನ್ನು ಹತ್ತಿರ ಕರೆದರು. ಅವರ ಮೀಸೆಯ ಮೇಲೆ ಎಳನೀರಿನ ಹನಿಯಿತ್ತು.

“ಏನಮ್ಮ ಹೆಸರು?”

“ಗಿರಿಜಾ ಸಾರ್.”

“ಈ ತಾತನ್ನ ‘ಬರ್ಲಾ’ ಅಂತ ಕೇಳ್ತೀಯಾ ನೀನು?”

“ಹೂಂ ಸಾರ್.”

“ದಿನಾನೂ?”

“ಹೂಂ ಸಾರ್.”

“ಅದಕ್ಕೆ ಅವ್ರು ಏನಂತಾರೆ?”

“‘ಬಾರವ್ವ’ ಅಂತಾರೆ.”

“ಬರ್ಕೊಳ್ರಿ.”

“ಸಾರ್, ಅದು ಹಂಗಲ್ಲ, ಅದು ಹೊರಡುವಾಗ...”

“ಆಯ್ತು ಪುಟ್ಟಿ, ಜಾಣೆ. ಹೋಗು, ಆಟ ಆಡ್ಕೊ.”

ಮುಂದೆ ಕಾಲೇಜಿನಲ್ಲಿ ನಮಗೆ ಚರ್ಚೆ ಕಲಿಸಿದ ಅಧ್ಯಾಪಕರು, ಹೌದು-ಇಲ್ಲ ಎಂಬ ಉತ್ತರವನ್ನು ಮಾತ್ರ ಬೇಡುವ ಪ್ರಶ್ನೆಯನ್ನು ಮೊದಲು ನಿರಾಕರಿಸಬೇಕು, ಆಮೇಲೆ ಉತ್ತರಿಸಬೇಕು ಎಂದು ಹೇಳಿಕೊಟ್ಟರು. ನನಗೆ ಆ ಪಾಠ ಹತ್ತು ವರ್ಷ ತಡವಾಗಿ ಸಿಕ್ಕಿತು. ನಾನು ಹೇಳಿದ ಪ್ರತಿಯೊಂದು ಅಕ್ಷರವೂ ನಿಜ. ಎಲ್ಲವೂ ಸೇರಿ ಆದದ್ದು ಸುಳ್ಳು. ಗುಮಾಸ್ತ ಬರೆದು ಮುಗಿಸಿ, ಅರ್ಜಿದಾರನ ಸಹಿಗಾಗಿ ಕಾಗದವನ್ನು ಅಪ್ಪನ ಕೈಗೆ ಕೊಟ್ಟ. ನಾನು ಅಪ್ಪನ ಪಕ್ಕದಲ್ಲಿಯೇ ನಿಂತಿದ್ದೆ. ‘ಸದರಿ ಬಡಾವಣೆಯವರು ಜಮೀನಿನ ಮಾಲೀಕರ ಅಪಣೆ ಪಡೆದು ಓಡಾಡುತ್ತಿದ್ದುದು ಕಂಡುಬಂದಿರುತ್ತದೆ’ ಎಂದಿತ್ತು. ಅಪ್ಪನ ಕಣ್ಣು ಆ ಸಾಲಿನ ಮೇಲೆ ನಿಂತಿತು. ಅವನ ಹುಬ್ಬು ಗಂಟಿಕ್ಕಿತು. ಜೇಬಿನಿಂದ ಕೆಂಪು ಪೆನ್ನು ತೆಗೆದ. ಅಪ್ಪನಿಗೆ ತಪ್ಪು ಕಂಡಿದೆ, ಅಪ್ಪ ತಿದ್ದುತ್ತಾನೆ ಎಂದುಕೊಂಡೆ. ಅಪ್ಪ ತಿದ್ದಿದ. ‘ಅಪಣೆ’ಯ ಪಕಾರದ ಕೆಳಗೆ, ಬಿಟ್ಟುಹೋಗಿದ್ದ ಒತ್ತನ್ನು ಅಚ್ಚುಕಟ್ಟಾಗಿ ಬರೆದು, ಅಂಚಿನಲ್ಲಿ ಪ್ರೂಫ್ ರೀಡರಿನ ಒಂದು ಗುರುತು ಹಾಕಿ, ಕೆಳಗೆ ಸಹಿ ಮಾಡಿ ಹಿಂದಿರುಗಿಸಿದ.

ಅಧಿಕಾರಿ ಎದ್ದು ನಿಂತು ಚಿಕ್ಕಣ್ಣನವರಿಗೆ ಕೈ ಮುಗಿದರು.

“ಬರ್ಲಾ ಯಜಮಾನ್ರೇ?”

“ಹೂಂ, ಬನ್ನಿ ಸಾರ್.”

ಜೀಪು ಹೊರಟುಹೋಯಿತು. ಆ ಅಧಿಕಾರಿ ಚಿಕ್ಕಣ್ಣನವರ ಅಪ್ಪಣೆ ಪಡೆದು ಜೀಪು ಹತ್ತಿದರೆಂದು ಯಾವ ಮಹಜರಿನಲ್ಲಿಯೂ ಬರೆಯಲಾಗಲಿಲ್ಲ.

ಮನೆಗೆ ಬಂದಾಗ ಅಮ್ಮ ಚಪ್ಪಲಿಯನ್ನೂ ಕಳಚದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅಪ್ಪ ಕುರ್ಚಿಯ ಮೇಲೆ ಕುಳಿತು, ತನಗೆ ಗೊತ್ತಿದ್ದ ಒಂದೇ ದಿಕ್ಕಿಗೆ ಸಿಟ್ಟನ್ನು ತಿರುಗಿಸಿದ.

“ನಿನ್ನ ಮರ್ಯಾದೆ ಪಾಠ! ಬರ್ಲಾ ಅನ್ನು, ಬಗ್ಗಿ ನಡಿ, ಕೈ ಮುಗಿ. ನೋಡು ಈಗ.”

“ಪೆನ್ನು ನಿಮ್ ಕೈಲಿತ್ತಲ್ರೀ.”

“ತಪ್ಪು ಕಂಡ್ರೆ ತಿದ್ದದೆ ಇರೋಕಾಗುತ್ತಾ?”

“ತಪ್ಪು ಅದಾ?”

ಅಪ್ಪ ಕೆಂಪು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ.

“ಕೇಳ್ತಿದೀನಿ, ತಪ್ಪು ಅದಾಗಿತ್ತಾ?”

“ನಾನು ಅಕ್ಷರ ನೋಡ್ದೆ ಕಣೇ,” ಎಂದ ಅಪ್ಪ. “ವಾಕ್ಯ ಓದ್ಲಿಲ್ಲ.”

ಅಮ್ಮ ಆ ಮಧ್ಯಾಹ್ನ ಶೆಲ್ಫಿನ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ, ಪ್ರೂಫ್ ಹಾಳೆಗಳನ್ನು ಒಂದೊಂದಾಗಿ ಎಳೆದು ನೀರೊಲೆಗೆ ಹಾಕಿದಳು. ದೊರೆಗಳ ವಂಶಾವಳಿ, ಮೂತ್ರಪಿಂಡ, ಕೊನೆಗೆ ಅಪ್ಪನ ಚೀಲದಲ್ಲಿದ್ದ ನಡಿಗೆ ಒಂದು, ಎರಡು, ಮೂರು. ಅಪ್ಪ ತಡೆಯಲಿಲ್ಲ. ನನ್ನನ್ನು ಇಬ್ಬರೂ ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ಮರುದಿನದಿಂದ ಶಾಂತವ್ವನ ಮನೆಯ ಕಡೆ ಮುಖ ಎತ್ತಲು ನನಗೆ ಆಗಲಿಲ್ಲ. ಅವಳೇ ಒಂದು ದಿನ ನೀರಿನ ಸಾಲಿನಲ್ಲಿ ನನ್ನ ಬಿಂದಿಗೆಯ ಹಿಂದೆ ನಿಂತು, ಎಲ್ಲರಿಗೂ ಕೇಳುವಂತೆ ಅಂದಳು:

“ನಿನ್ನ ಬಾಯಿಗೆ ಯಾರರ ಒಂದ್ ಗುಂಡಿ ಹೊಲಿದಿದ್ರ ನಮ್ಮ ದಾರಿ ಉಳೀತಿತ್ತವ್ವಾ.”

ಪ್ರತಿಪಕ್ಷದ ವಾದವನ್ನು ಅದರ ಪೂರ್ಣ ಬಲದಲ್ಲಿ ಮಂಡಿಸದವನಿಗೆ ಗೆಲ್ಲುವ ಅರ್ಹತೆಯಿಲ್ಲ ಎಂಬುದನ್ನು ನಾನು ನಂಬಿದವಳು. ಆದ್ದರಿಂದ ಚಿಕ್ಕಣ್ಣನವರ ಪರವಾಗಿ ಹೇಳಬೇಕಾದದ್ದನ್ನು ಹೇಳುತ್ತೇನೆ. ಹೊಲ ಅವರ ತಂದೆಯದೇ. ನಮ್ಮ ಬಡಾವಣೆಯೂ ಒಂದು ಕಾಲಕ್ಕೆ ಅವರ ದಾಯಾದಿಗಳ ಹೊಲವಾಗಿತ್ತು. ಅವರು ಬಿತ್ತಿದ ರಾಗಿಯನ್ನು ನಾವು ತುಳಿದದ್ದೂ ಉಂಟು. ಊರೆಲ್ಲ ಮಾರಿ ಮಹಡಿ ಕಟ್ಟಿಸಿಕೊಂಡಾಗ ಅವರೊಬ್ಬರೇ ಹೊಲ ಉಳಿಸಿಕೊಂಡು ನಮಗೆ ದಾರಿಯಾಗಿ ಇರಬೇಕೆಂದು ಬಯಸುವುದು ನ್ಯಾಯವಲ್ಲ. ಇದಿಷ್ಟನ್ನೂ ಒಪ್ಪುತ್ತೇನೆ. ಒಪ್ಪಿದ ಮೇಲೂ ನನ್ನೊಳಗೆ ಅವರ ಬಗ್ಗೆ ಕ್ಷಮೆ ಹುಟ್ಟುವುದಿಲ್ಲ. ಹೊಲ ನನ್ನದು, ದಾರಿ ಕೊಡುವುದಿಲ್ಲ ಎಂದು ಅವರು ಹೇಳಿ ಗೆದ್ದಿದ್ದರೆ ಅದು ಜಗಳ. ಅವರು ಗೆದ್ದದ್ದು ಒಂದು ಮಗುವಿನ ನಮಸ್ಕಾರವನ್ನು ಸಾಕ್ಷಿಯಾಗಿ ನಿಲ್ಲಿಸಿ. ಇಂದು ಪಾಲಿಕೆಯ ಸಭೆಗಳಲ್ಲಿ, ಕಾಲುದಾರಿಗಾಗಿ ನಾವು ನಡೆಸುವ ಧರಣಿಗಳಲ್ಲಿ, ‘ಸೌಜನ್ಯದಿಂದ ಮಾತಾಡಿ ಮೇಡಂ’ ಎಂದು ನನಗೆ ಬುದ್ಧಿ ಹೇಳುವವರು ಬಹಳ ಮಂದಿ. ಸೌಜನ್ಯವನ್ನು ನಾನು ಬಲ್ಲೆ. ಅದು ಬಲವುಳ್ಳವನ ಬಾಯಲ್ಲಿ ಬರೀ ಮಾತಾಗಿ ಉಳಿಯುತ್ತದೆ, ಬಲವಿಲ್ಲದವನ ಬಾಯಲ್ಲಿ ತಪ್ಪೊಪ್ಪಿಗೆಯಾಗುತ್ತದೆ. ಈಗ ಚರ್ಚೆ ಕಲಿಸುವ ನಾನು ನನ್ನ ವಿದ್ಯಾರ್ಥಿಗಳಿಗೆ ಮೊದಲು ಹೇಳಿಕೊಡುವುದು ಇದನ್ನೇ: ನಿಮ್ಮದಾದದ್ದನ್ನು ಕೇಳಬೇಡಿ. ಕೇಳಿದ ಕ್ಷಣದಿಂದ ಅದು ಕೊಡುವವನದು.

ಆ ಮಹಜರಿನ ಆಧಾರದ ಮೇಲೆ ನಮ್ಮ ಅರ್ಜಿ ವಜಾ ಆಗಿ, ಗೋಡೆಯ ಕೆಲಸ ಒಂದೇ ತಿಂಗಳಲ್ಲಿ ಆರಂಭವಾಯಿತು. ಸಿಮೆಂಟ್ ಇಟ್ಟಿಗೆಗಳು ಎರಡೂ ಕಡೆಯಿಂದ ಬೆಳೆಯುತ್ತಾ ಬಂದು, ಒಂದು ಶನಿವಾರದ ಹೊತ್ತಿಗೆ ನಡುವೆ ಒಂದಾಳು ಹಿಡಿಸುವಷ್ಟು ಸಂದಿ ಮಾತ್ರ ಉಳಿಯಿತು. ಆ ಬೆಳಗ್ಗೆ ಅಮ್ಮ, ಶಾಂತವ್ವ ಮತ್ತು ಬೀದಿಯ ಉಳಿದ ಹೆಂಗಸರು ಎಂದಿನಂತೆಯೇ ಹೊರಟರು. ಶಾಲೆಗೆ ರಜೆಯಿತ್ತು, ನಾನೂ ಹಿಂದೆ ಹೋದೆ. ರಾಗಿಯ ಕೂಳೆಯ ಮೇಲೆ ಮರಳು ಸುರಿದಿತ್ತು. ಚಿಕ್ಕಣ್ಣನವರು ಕುರ್ಚಿಯನ್ನು ಜಗಲಿಯಿಂದ ಇಳಿಸಿ ಸಂದಿಯ ಪಕ್ಕದಲ್ಲಿಯೇ ಹಾಕಿಸಿಕೊಂಡು ಕೆಲಸ ನೋಡುತ್ತಿದ್ದರು. ಗಾರೆಯವನು ನಮ್ಮನ್ನು ಕಂಡು ಕರಣೆಯನ್ನು ಬಕೆಟ್ಟಿನಲ್ಲಿಟ್ಟು ಸರಿದು ನಿಂತ. ಹೆಂಗಸರು ಒಬ್ಬೊಬ್ಬರಾಗಿ ತಲೆ ತಗ್ಗಿಸಿ ದಾಟಿದರು. ಅಮ್ಮನ ಸರದಿ ಬಂತು. ಎದುರು ಸಿಕ್ಕ ಹಿರಿಯರಿಗೆ ಒಂದು ಮಾತು ಹೇಳದೆ ಮುಂದೆ ಹೆಜ್ಜೆಯಿಟ್ಟ ಅಮ್ಮನನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವಳು ಚಿಕ್ಕಣ್ಣನವರ ಕುರ್ಚಿಯನ್ನು ಸವರಿಕೊಂಡೇ ನಡೆದಳು. ಅವರ ಕಡೆ ನೋಡಲಿಲ್ಲ.

“ಏನಮ್ಮ,” ಎಂದರು ಅವರು. ದನಿಯಲ್ಲಿ ನಿಜವಾಗಿಯೂ ನೋವಿತ್ತು. “ಮಾತಿಲ್ಲ ಕತೆಯಿಲ್ಲ, ಹಂಗೇ ಹೋಯ್ತಾ ಇದೀಯ?”

ಅಮ್ಮ ನಿಂತಳು.

“ಮಾತಾಡಿದ್ರೆ ಬರ್ಕೊಳ್ತೀರಲ್ಲ.”

ಶಾಂತವ್ವ ಗೋಡೆಯ ಆಚೆಯಿಂದ ಜೋರಾಗಿ ನಕ್ಕಳು. ಚಿಕ್ಕಣ್ಣನವರ ಮುಖ ಕಪ್ಪಿಟ್ಟಿತು, ಅವರು ಗಾರೆಯವನ ಕಡೆ ತಿರುಗಿ, “ನೋಡ್ತಾ ನಿಂತ್ಕೊಂಡ್ರೆ ಕೆಲಸ ಆಯ್ತದೇನೋ? ಹಾಕು ಕಲ್ಲು,” ಎಂದು ಗದರಿದರು. ಅಮ್ಮ ಊಟದ ಡಬ್ಬಿಯನ್ನು ಎದೆಗವಚಿಕೊಂಡು, ಮೈಯನ್ನು ಅಡ್ಡಕ್ಕೆ ತಿರುಗಿಸಿ, ಹಸಿ ಗಾರೆಗೆ ಸೆರಗು ತಾಗಿಸಿಕೊಂಡೇ ದಾಟಿಹೋದಳು. ಈಚೆ ಉಳಿದವಳು ನಾನೊಬ್ಬಳೇ. ಗಾರೆಯವನು ಇಟ್ಟಿಗೆಯೊಂದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಇಡಲೋ ಬೇಡವೋ ಎಂದು ಚಿಕ್ಕಣ್ಣನವರ ಮುಖ ನೋಡಿದ. ಚಿಕ್ಕಣ್ಣನವರು ನನ್ನ ಮುಖ ನೋಡಿದರು. ನಾನು ಏನಾದರೂ ಅನ್ನುತ್ತೇನೆಂದು ಕಾದರು. ನಾನು ಯಾರನ್ನೂ ಏನನ್ನೂ ಕೇಳಲಿಲ್ಲ. ದಾಟಿದೆ.